ಎಡಗಾಲಿನ ಸಾಕ್ಸ್

ಅಪ್ಪಾ,

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಎಡಗಾಲಿನ ಸಾಕ್ಸ್ ಇಂದಿನಿಂದ ಸೇವೆಯಿಂದ ನಿವೃತ್ತಿ ಹೊಂದಿದೆ. ಅದರಾಗ ಮುಚ್ಚಿಟ್ಟ ಗಾಯ ನಾ ನೋಡೀನಿ.

"ನರ್ಸ್‌ಗೇನ್ ತಿಳೀತೈತಿ, ಡಾಕ್ಟರ್ ನೋಡ್ಲಿ" ಅಂತೀ. ನಮ್ಮ ಕ್ಲಿನಿಕ್‌ನ್ಯಾಗ ಶುಗರ್ ಇದ್ದೋರ ಕಾಲು ನೋಡಾಕ ಡಾಕ್ಟರೇ ನನ್ನ ಕಡೆ ಕಳಸ್ತಾರ! ಈ ಕೋಪರಿಯಾಗಿನ ಮಂದಿಯೆಲ್ಲಾ ನನ್ನ ಮಾತು ಕೇಳ್ತಾರ, ನಿನ್ನೊಬ್ಬನ್ನ ಬಿಟ್ಟು.

ವಾಕಿಂಗ್‌ನಿಂದ ಬಂದ ಕೂಡ್ಲೇ, ಏನೂ ತಿನ್ನದ ಕ್ಲಿನಿಕ್‌ಗೆ ಬಾ. ಖಾಲಿ ಹೊಟ್ಟಿ ಶುಗರ್‌ಗೆ ರಕ್ತ ತಗೀತೀನಿ, ಗಾಯಕ್ಕ ಪಟ್ಟಿ ಕಟ್ತೀನಿ, ಆಮ್ಯಾಲ ನಿನ್ನ ಡಾಕ್ಟರ್ ನೋಡ್ತಾರ. ಎಲ್ಲಾ ಹೇಳಿಟ್ಟೀನಿ.

ತಡಿ. ಸಿಂಕ್‌ನ್ಯಾಗ ನಿನ್ನ ಚಾದ ಕಪ್ಪು ಈಗ ಕಾಣ್ತು, ತಳದಾಗ ಖಾರಿ ಬಿಸ್ಕೀಟಿನ ಚೂರು. ಚಾ ಕುಡದು, ಬಿಸ್ಕೀಟ್ ತಿಂದೇ ವಾಕಿಂಗ್‌ಗೆ ಹೋಗೀದಿ! ರಕ್ತ ನಾಳೆ.

ಗಾಯಕ್ಕ ಉಪವಾಸ ಬೇಕಿಲ್ಲ. ಇವತ್ತೇ ಬಾ.

ಮಲ್ಲಿಕಾ