ಒಂದೇ ಒಂದು ರಿಂಗ್

ಜನವರಿ ೨, ಶುಕ್ರವಾರ. ಬೆಳಿಗ್ಗೆ ೫.೪೦

ಮತ್ತಾಯ, ಎರಡನೇ ಅಧ್ಯಾಯ. ಓದಿ ಆಯಿತು. ದಿನಕ್ಕೊಂದು ಬೈಬಲ್ ಅಧ್ಯಾಯವೆಂದು ಚರ್ಚಿನವರು ಕೊಟ್ಟ ಕಾರ್ಡಿನಲ್ಲಿ ಟಿಕ್ ಹಾಕಿದೆ. ಅಕ್ಕನ ರಿಂಗ್ ಐದೂವರೆಗೇ ಬಂದಿತ್ತು — ಒಂದೇ ಒಂದು, ಕಟ್. ನಾನೂ ಒಂದು ಕೊಟ್ಟು ಕಟ್ ಮಾಡಿದೆ. ಒಂಬತ್ತು ವರ್ಷದಿಂದ ಹೀಗೇ. ರಿಂಗ್ ಬಂತೆಂದರೆ "ನಾನು ಓದಿದೆ, ನೀನು?" ಎಂದರ್ಥ. ಯಾರೂ ಎತ್ತುವುದಿಲ್ಲ.

ಸ್ವಂತ ಅಕ್ಕ ಅಲ್ಲ. ಆಸ್ಪತ್ರೆಯ ಎಕ್ಸ್‌ರೇ ರೂಮಿನಲ್ಲಿ ನನಗೆ ಕೆಲಸ ಕಲಿಸಿದವರು. ಕೈಹಿಡಿದು ಚರ್ಚಿಗೆ ಕರೆದುಕೊಂಡು ಹೋದವರೂ ಅವರೇ. ಈಗ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಇನ್‌ಚಾರ್ಜ್ ಅಂತೆ.

ಇವತ್ತಿನ ಅಧ್ಯಾಯದಲ್ಲಿ ಮಕ್ಕಳನ್ನು ಕಳೆದುಕೊಂಡು ಅಳುವ ತಾಯಂದಿರು. ಯಾರು ಸಮಾಧಾನ ಹೇಳಿದರೂ ಬೇಡ ಅವರಿಗೆ. ಆ ಸಾಲುಗಳನ್ನು ಬೇಗ ಬೇಗ ದಾಟಿದೆ. ಟಿಕ್ ಮಾತ್ರ ದಪ್ಪಗೆ ಹಾಕಿದ್ದೇನೆ.

ಜನವರಿ ೩, ಶನಿವಾರ. ಮಧ್ಯಾಹ್ನ

ರಜೆ. ಗಂಡ ಹೊರಗೆ ಹೋಗಿದ್ದಾರೆ. ಬರೆದೇಬಿಡುತ್ತೇನೆ. ಇದನ್ನು ಯಾರು ಓದಬೇಕು?

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಜೊತೆ ಸೀಸದ ಅಕ್ಷರ. ಬಲಕ್ಕೆ ಆರ್, ಎಡಕ್ಕೆ ಎಲ್. ಕೆಳಗೆ ಅವರವರ ನಂಬರ್. ರೋಗಿಯ ಪಕ್ಕದಲ್ಲಿಟ್ಟರೆ ಫಿಲ್ಮಿನ ಮೂಲೆಯಲ್ಲಿ ಬೆಳ್ಳಗೆ ಮೂಡುತ್ತದೆ — ಯಾವ ಪಕ್ಕ, ತೆಗೆದವರು ಯಾರು, ಎರಡೂ. ಅಕ್ಕನದು ಏಳು. ನನ್ನದು ಹನ್ನೊಂದು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ. ಮೂರನೇ ಮಹಡಿಯಿಂದ ಬಿದ್ದ ಗಾರೆ ಕೆಲಸದವನನ್ನು ತಂದರು. ಪ್ರಜ್ಞೆ ಇಲ್ಲ. ಅಕ್ಕ ಕೈ ತೊಳೆಯಲು ಹೋಗಿದ್ದರು. ನನ್ನ ಅಕ್ಷರಗಳು ಎಲ್ಲಿ ಬಿದ್ದಿದ್ದವೋ, ಹುಡುಕಲು ಪುರುಸೊತ್ತಿಲ್ಲ. ಅಕ್ಕನದು ಮೇಜಿನ ಅಂಚಿಗೆ ಟೇಪಿನಲ್ಲಿ ಅಂಟಿತ್ತು. ಕಿತ್ತುಕೊಂಡೆ. ಅವತ್ತು ಟ್ರಾಲಿಯನ್ನು ಹಿಂದುಮುಂದಾಗಿ ತಂದಿದ್ದರು, ತಲೆ ಬರುವ ಕಡೆ ಕಾಲು. ನನ್ನ ಕೈ ಮಾತ್ರ ದಿನಾ ಇಡುವ ಜಾಗದಲ್ಲೇ ಇಟ್ಟಿತು. ಬಲದ ಅಕ್ಷರ ಅವನ ಎಡಕ್ಕೆ.

ಕುಸಿದಿದ್ದದ್ದು ಎಡ ಶ್ವಾಸಕೋಶ. ಫಿಲ್ಮ್ ನೋಡಿದ ಡಾಕ್ಟರು ಗಾಳಿ ಹೊರತೆಗೆಯುವ ನಳಿಕೆ ಹಾಕಿದ್ದು ಬಲಕ್ಕೆ. ಮೂರನೇ ದಿನ ಅವನು ಹೋದ.

ವಿಚಾರಣೆಯಲ್ಲಿ ಫಿಲ್ಮನ್ನು ಬೆಳಕಿಗೆ ಹಿಡಿದರು. ಏಳು. ಅಕ್ಕ ಬಹಳ ಹೊತ್ತು ನೋಡಿದರು. "ಅಕ್ಷರ ನಂದೇ. ಅವತ್ತು ಒಂದರ ಹಿಂದೆ ಒಂದು ಕೇಸು, ಏನೂ ನೆನಪಿಲ್ಲ. ನಾನೇ ಇರ್ಬೇಕು" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿರಲಿ ದೇವರೇ ಎಂದು ಬೇಡಿಕೊಂಡೆ — ಅವನು ನನ್ನ ಅದೊಂದು ಪ್ರಾರ್ಥನೆಗೆ ಮಾತ್ರ ತಕ್ಷಣ ಕಿವಿಗೊಟ್ಟ.

ಅಕ್ಕನ ಕೆಲಸ ಹೋಯಿತು. ಈಗ ಹೊರಗೆ ಒಂದು ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುತ್ತಾರೆ.

ಇನ್ನೊಂದಿದೆ. ಆ ಮನುಷ್ಯನಿಗೆ ಪ್ರಜ್ಞೆ ಇಲ್ಲದಿದ್ದರೂ ಬಾಯಿಪಾಠದ ಹಾಗೆ ಹೇಳಿದ್ದೆ — "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ..." ಬಟನ್ ಒತ್ತಿದೆ. ಅಷ್ಟರಲ್ಲಿ ಹೊರಗಿನಿಂದ ಕೂಗಿದರು, ಓಡಿದೆ. "ಬಿಡಿ" ಎನ್ನಲಿಲ್ಲ.

ಜನವರಿ ೪, ಭಾನುವಾರ

ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತು. ಅಕ್ಕ ಎದ್ದು ನಿಂತರು. "ನನ್ನ ಕೈಯಿಂದ ಒಂದು ಜೀವ ಹೋಯ್ತು. ದಿನಾ ಬೆಳಿಗ್ಗೆ ಅವನ ಹೆಸರು ಹೇಳಿ ಕ್ಷಮೆ ಕೇಳ್ತೀನಿ. ಇನ್ನೂ ಎದೆ ಹಗುರ ಆಗಿಲ್ಲ. ನನಗೋಸ್ಕರ ಪ್ರಾರ್ಥನೆ ಮಾಡಿ." ಪಾಸ್ಟರ್ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವಳು ನಾನು.

ಆಮೇಲೆ ಮೌನ ಪ್ರಾರ್ಥನೆ. ಕಣ್ಣು ಮುಚ್ಚಿದ್ದೆ. ಎಡಗಡೆ ಯಾರೋ ಉಸಿರು ಎಳೆದುಕೊಂಡ ಸದ್ದು. ಬಿಟ್ಟ ಸದ್ದು ಬರಲಿಲ್ಲ. ಕಾದೆ. ಬರಲಿಲ್ಲ... ಕಣ್ಣು ಬಿಟ್ಟು ನೋಡಿದರೆ ಬೆಂಚಿನ ಆ ತುದಿ ಖಾಲಿ.

ನಾನು ಬೈಬಲಿಗೆ ಹೆದರುವವಳು, ದೆವ್ವಕ್ಕಲ್ಲ. ಹಾಗಂದುಕೊಂಡಿದ್ದೆ.

ಜನವರಿ ೫, ಸೋಮವಾರ. ಸಂಜೆ

ಊಟದ ಹೊತ್ತಿಗೆ ಅಕ್ಕ ಆಸ್ಪತ್ರೆಗೆ ಬಂದಿದ್ದರು. ಎಕ್ಸ್‌ರೇ ರೂಮಿನ ಒಳಗೆ ಕಾಲಿಡಲಿಲ್ಲ. ಕಾರಿಡಾರಿನಲ್ಲೇ ನಿಂತರು. ಕೈಯೆಲ್ಲ ಸೋಪಿನ ಪುಡಿಯ ವಾಸನೆ, ಬೆರಳುಗಳ ಸಂದಿ ಬಿರುಕು ಬಿಟ್ಟಿತ್ತು.

"ಬೆಳಿಗ್ಗೆ ಐದನೇ ಅಧ್ಯಾಯ ಓದಿದ್ಯಲ್ವೇನೇ?"

"ಓದಿದೆ ಅಕ್ಕ."

"ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿ ಮಾಡ್ಕೋ ಅಂತ ಇದೆಯಲ್ಲ. ನನ್ನ ಮುಖ ನೋಡಿ ಹೇಳಿದ ಹಾಗಿತ್ತು ಕಣೇ. ಚರ್ಚಲ್ಲಿ ಅತ್ರೆ ಆಯ್ತಾ? ಶನಿವಾರ ಹತ್ತು ಗಂಟೆಗೆ ಅವನ ಹೆಂಡತಿ ಮನೆಗೆ ಹೋಗ್ತೀನಿ. ಕಾಲಿಗೆ ಬಿದ್ದು, ನಿನ್ನ ಗಂಡನ್ನ ಕೊಂದವಳು ನಾನೇ ಅಂತ ಹೇಳ್ತೀನಿ. ಒಬ್ಬಳಿಗೇ ಧೈರ್ಯ ಸಾಲದು. ಜೊತೆಗೆ ಬರ್ತೀಯಾ?"

"ಬರ್ತೀನಿ ಅಕ್ಕ" ಎಂದೆ. ಅದೇ ಬಾಯಿಂದ.

ಅದೇ ಅಧ್ಯಾಯವನ್ನು ನಾನೂ ಓದಿದ್ದೆ, ಅದೇ ಬೆಳಿಗ್ಗೆ. ನನ್ನ ಮುಖ ನೋಡಿ ಏನೂ ಹೇಳಿರಲಿಲ್ಲ. ನಾನು ಮುಖ ತೋರಿಸಿದ್ದರೆ ತಾನೇ.

ಜನವರಿ ೭

ಏಳನೇ ಅಧ್ಯಾಯ. ಪುಟದ ಮೇಲೆ ಆ ಅಂಕಿ ಕಂಡಿದ್ದೇ ಮುಚ್ಚಿಟ್ಟೆ. ಓದಲಿಲ್ಲ.

ಆದರೂ ರಿಂಗ್ ಕೊಟ್ಟೆ. ಒಂಬತ್ತು ವರ್ಷದಲ್ಲಿ ಮೊದಲ ಸುಳ್ಳು ರಿಂಗ್.

ಜನವರಿ ೮, ಗುರುವಾರ

ಇವತ್ತು ಒಬ್ಬ ಅಜ್ಜಿಯ ಎದೆಯ ಫಿಲ್ಮ್. "ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದೆ. ಬಟನ್ ಒತ್ತಿದೆ. ಮುಂದಿನ ಮಾತು ಬರಲೇ ಇಲ್ಲ. ಗಾಜಿನಾಚೆ ಅಜ್ಜಿ ಕಣ್ಣು ಬಿಟ್ಟುಕೊಂಡು ನಿಂತಿದ್ದಾಳೆ, ನಾನು ಈಚೆ ನಿಂತಿದ್ದೇನೆ. ಕೊನೆಗೆ ಅವಳೇ ಬುಸ್ಸೆಂದು ಬಿಟ್ಟಳು. "ಬಿಡು ಅನ್ನೋಕೆ ನಿಂಗೇನಮ್ಮಾ ಬಂತು? ಫೋಟೋ ತೆಗೆಸ್ಕೊಳ್ಳೋಕೆ ಬಂದಿದ್ದೀನಿ, ಸಾಯೋಕಲ್ಲ!" ಹೊರಗೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ.

ರೂಮಿಗೆ ವಾಪಸ್ ಬಂದಾಗ ಖಾಲಿ ಮೇಜಿನ ಮೇಲೆ ಯಾರೋ ಇನ್ನೂ ಉಸಿರು ಹಿಡಿದುಕೊಂಡೇ ಇದ್ದ ಹಾಗೆ. ನಾಲ್ಕು ಗೋಡೆಯೂ ಕಾಯುತ್ತಿದ್ದ ಹಾಗೆ. "ಬಿಡಿ" ಎಂದೆ, ಮೆಲ್ಲಗೆ. ಏನೂ ಆಗಲಿಲ್ಲ. ತಡವಾಯಿತಲ್ಲ.

ಜನವರಿ ೯, ಶುಕ್ರವಾರ

ಗಂಡ ನನ್ನ ಬೈಬಲನ್ನು ಶೆಲ್ಫಿನಿಂದ ತೆಗೆದರು. ಒಳಗಿನಿಂದ ಏನೋ ಟಣ್ ಎಂದು ನೆಲಕ್ಕೆ ಬಿತ್ತು.

"ಏನೇ ಇದು? ಸೀಸದ ತುಂಡು! ಗುರುತಿಗೆ ಒಂದು ಚೀಟಿ ಇಟ್ಕೊಳ್ಳೋದಲ್ವಾ? ಪುಟ ಎಲ್ಲ ಹೇಗಾಗಿದೆ ನೋಡು."

ಅಕ್ಕನ ಡ್ರಾಯರ್ ಖಾಲಿ ಮಾಡಿದ ದಿನ ನಾನು ಎತ್ತಿಟ್ಟುಕೊಂಡದ್ದು. ಆರ್, ಏಳು. ಯಾಕೆ ಎತ್ತಿಕೊಂಡೆ, ಯಾಕೆ ಅಲ್ಲೇ ಇಟ್ಟೆ — ಕೇಳಿದರೆ ಹೇಳಲು ಗೊತ್ತಿಲ್ಲ. ತೆಳು ಕಾಗದ. ಮತ್ತಾಯನಲ್ಲಿ ಒತ್ತಿದ ಅಚ್ಚು ಮಾರ್ಕನನ್ನು ದಾಟಿ ಲೂಕನವರೆಗೂ ಹೋಗಿದೆ. ಬೆರಳು ಆಡಿಸಿದರೆ ತಗ್ಗು ತಿಳಿಯುತ್ತದೆ. ನಾನು ಮುಂದೆ ಓದಬೇಕಾದ ಪುಟಗಳೆಲ್ಲ ಅವು.

"ಯಾರದು ಇದು?" ಎಂದರು.

"ಅಕ್ಕನದು" ಎಂದೆ. ಮತ್ತೆ ಅವರ ಮೇಲೇ ಹಾಕಿದೆ!

ಹೆದರಿಕೆ ಯಾವುದಕ್ಕೆ ಎಂದು ಕೂತು ಯೋಚಿಸಿದೆ. ಕೆಲಸ ಹೋಗುತ್ತದೆ, ಹೌದು. ಪೊಲೀಸು, ಕೋರ್ಟು, ಅದೂ ಹೌದು. ಅದೆಲ್ಲಕ್ಕಿಂತ ಹೆಚ್ಚು, ನಿಜ ತಿಳಿದ ಮೇಲೆ ಅಕ್ಕ ನನ್ನನ್ನು ನೋಡುವ ಆ ನೋಟಕ್ಕೆ. ಐದು ತಿಂಗಳು ಅವರು ಮಾಡದ ಪಾಪಕ್ಕೆ ಮೊಣಕಾಲೂರಿದ್ದಾರೆ. ನಾಳೆ ಆ ಹೆಂಗಸು ಅವರ ಮುಖಕ್ಕೆ ಉಗಿದರೆ ನಾನು ಪಕ್ಕದಲ್ಲಿ ನಿಂತು ನೋಡಬೇಕು. ಆಗಲೂ ನೋಡುತ್ತೇನಾ? ನೋಡುತ್ತೇನೆ ಎಂದೇ ಅನ್ನಿಸುತ್ತಿದೆ. ನನ್ನ ಬಗ್ಗೆ ನನಗೇ ಅಸಹ್ಯ.

ಜನವರಿ ೧೦, ಶನಿವಾರ. ಬೆಳಿಗ್ಗೆ ೫.೨೦

ಹತ್ತನೇ ಅಧ್ಯಾಯ. ಬಚ್ಚಿಟ್ಟದ್ದು ಯಾವುದೂ ಹೊರಗೆ ಬರದೆ ಇರುವುದಿಲ್ಲವಂತೆ. ಹೆದರಬೇಡ ಎಂದೂ ಇದೆ, ಅದರ ಪಕ್ಕದಲ್ಲೇ. ಎರಡನ್ನೂ ನಿಧಾನವಾಗಿ ಓದಿದೆ. ಟಿಕ್ ಹಾಕಿಲ್ಲ.

ಅಕ್ಕನ ರಿಂಗ್ ಬರಲು ಹತ್ತು ನಿಮಿಷ. ಅದಕ್ಕಿಂತ ಮೊದಲು ನಾನೇ ಮಾಡುತ್ತೇನೆ. ಕಟ್ ಮಾಡುವುದಿಲ್ಲ.

ಫೋನ್ ಮೇಜಿನ ಮೇಲಿದೆ, ಸ್ಪೀಕರ್ ಹಾಕಿದ್ದೇನೆ. ಸೀಸದ ಅಕ್ಷರ ಎದುರಿಗಿದೆ. ಪೆನ್ನು ಕೆಳಗಿಟ್ಟರೆ ಕೈ ಹೋಗಿ ಫೋನ್ ಕಟ್ ಮಾಡಿಬಿಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು.

ಎರಡು. ಇಷ್ಟು ದೂರ ಯಾವತ್ತೂ ಬಂದಿಲ್ಲ.

ಮೂರು...

"ಏನೇ, ಕಟ್ ಮಾಡೋದು ಮರೆತ್ಯಾ?"

ಅಕ್ಕ.

"ಹಲೋ? ಯಾಕೆ ಸುಮ್ನಿದ್ದೀಯಾ? ಹತ್ತು ಗಂಟೆಗೆ ಬರ್ತೀಯಲ್ವಾ? ...ಅಳ್ತಿದ್ದೀಯೇನೇ? ಏನಾಯ್ತು? ಮೊದಲು ಉಸಿರು ಬಿಡು. ಬಿಟ್ಟು ಹೇಳು."

ಬಿಟ್ಟೆ.

"ಅಕ್ಕಾ, ಆ ಫಿಲ್ಮ್ —"