ಅಡುಗೆಮನೆಯ ಗಾಯ

ಬೆತೆಲ್ ಕ್ರಾಸಿಂಗ್, ಅಲಬಾಮಾ
ಅಕ್ಟೋಬರ್ ಆರು, ಭಾನುವಾರ, ಚರ್ಚ್ ಮುಗಿದ ಮೇಲೆ

ಚಿರಂಜೀವಿ ರೊಶೆಲ್‌ಳಿಗೆ ನಿನ್ನ ಸೀಫಸ್ ಮಾವ ಮಾಡುವ ಆಶೀರ್ವಾದಗಳು. ನಾನೂ ನಿನ್ನ ಅಮ್ಮನೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಅದಕ್ಕೇ ಬರೆದಿದ್ದೇನೆ.

ಫೋನಿದ್ದೂ ಮುದುಕ ಯಾಕೆ ಕಾಗದ ಬರೆದ ಎಂದು ಲಕೋಟೆ ಒಡೆಯುವ ಮೊದಲೇ ನಿನಗೆ ಗಾಬರಿಯಾಗಿರುತ್ತದೆ. ನಾನು ಫೋನಿನಲ್ಲಿ ಮಾತಾಡಿದರೆ ನಿನ್ನ ಅಮ್ಮನ ಮನೆಗೆ ಕೇಳಿಸುತ್ತದೆ. ನಡುವೆ ಇರುವುದು ಒಂದು ಬೇಲಿ, ನನ್ನ ತಂಗಿ ವರ್ನೀಸಳ ಕಿವಿಗೆ ಬೇಲಿ ಯಾವ ಲೆಕ್ಕ? ಅಲ್ಲದೆ ನಾನು ಹಳ್ಳಿ ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೇ ಆದರೂ, ಸೀಫಸ್‌ನ ಅಕ್ಷರ ನೋಡಿ ಕಲೀರಿ ಎಂದು ಟೀಚರಮ್ಮ ನನ್ನ ಸ್ಲೇಟನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ಅಂಥ ಅಕ್ಷರಕ್ಕೆ ತುಕ್ಕು ಹಿಡಿಸಬಾರದು.

ವಿಷಯ ಇಷ್ಟೇ. ಈ ವಾರ ಬಿಟ್ಟು ಬರುವ ವಾರ, ಬುಧವಾರ, ನೀನು ಶಾಲೆಗೆ ರಜೆ ಹಾಕಿ ನಿನ್ನ ಕತ್ತರಿ ತೆಗೆದುಕೊಂಡು ಇಲ್ಲಿಗೆ ಬರಬೇಕು. ನಿನ್ನ ತಲೆಗೂದಲನ್ನು ನೀನೇ ಕತ್ತರಿಸಿಕೊಂಡೆಯಲ್ಲ, ಆ ಕತ್ತರಿ. ಮಾರನೆಯ ದಿನ ಗುರುವಾರ ನಾನು ಡಾಕ್ಟರ ಮುಂದೆ ಹ್ಯಾಟ್ ತೆಗೆದು ಕೂರಬೇಕಾಗಿದೆ. ಕೂರುತ್ತೇನೆಂದು ನನಗೇ ನಂಬಿಕೆಯಿಲ್ಲ.

ಈಗ ನಗು. ನಕ್ಕು ಮುಗಿಸು, ನಾನು ಕಾಯುತ್ತೇನೆ. ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನೀನು ಆ ಗಿಡ್ಡ ಗುಂಗುರಿನಲ್ಲಿ ಬಂದಾಗ, ಏನಮ್ಮಾ, ಮಿಲಿಟರಿಗೆ ಸೇರಿದೆಯಾ ಎಂದು ಕೇಳಿದವನು ನಾನೇ. ನೀನೇನು ಸುಮ್ಮನಿದ್ದೆಯಾ? ಮಾವನ ತಲೆ ಮೇಲಿರೋ ಜಿಡ್ಡಲ್ಲಿ ಈ ಟರ್ಕಿ ಕೋಳೀನ ಎರಡು ಸಲ ಕರೀಬಹುದು ಎಂದೆ. ನಿನ್ನ ಅಮ್ಮ ನಕ್ಕು ನಕ್ಕು ವಿಗ್ ಸರಿಮಾಡಿಕೊಳ್ಳಲು ಒಳಗೆ ಹೋಗಬೇಕಾಯಿತು. ಆ ಮಾತಿಗೆ ಉತ್ತರ ನನ್ನಲ್ಲಿ ಇನ್ನೂ ಇದೆ. ಆದರೆ ಈಗ ಅದರ ಹೊತ್ತಲ್ಲ.

ಮಗಳೇ, ಮೀಸೆ ಮೂಡಿದಂದಿನಿಂದ ಈ ತಲೆಯ ಮೇಲೆ ಒಂದೇ ಒಂದು ಗುಂಗುರು ತಲೆಯೆತ್ತಿ ನಿಂತಿಲ್ಲ. ಬೆತೆಲ್ ಹಾರ್ಮನಿ ತಂಡದ ನಾಲ್ವರಲ್ಲಿ ದನಿ ಯಾರದು ದೊಡ್ಡದು ಎಂದು ಜನ ವಾದ ಮಾಡುತ್ತಿದ್ದರು, ಕೂದಲು ಯಾರದು ಎಂದು ಯಾರೂ ವಾದ ಮಾಡಿದವರಿಲ್ಲ. ಹಾಡು ಏರುವ ಹೊತ್ತಿಗೆ ನಾನು ಒಮ್ಮೆ ತಲೆ ಕೊಡವಿ ಒಂದು ಎಳೆ ಹಣೆಯ ಮೇಲೆ ಬಿತ್ತೆಂದರೆ ಮುಂದಿನ ಬೆಂಚಿನ ಹೆಂಗಸರ ಮೈಮೇಲೆ ಪವಿತ್ರಾತ್ಮ ಇಳಿಯುತ್ತಿತ್ತು. ಅದು ದೇವರ ವಾಕ್ಯದ ಮಹಿಮೆ ಎಂದು ಪಾಸ್ಟರ್ ಹೇಳುತ್ತಿದ್ದರು. ಇರಲಿ, ಅವರ ಹೊಟ್ಟೆಪಾಡು.

ಆ ಕೂದಲನ್ನು ನೇರ ಮಾಡುತ್ತಿದ್ದವನು ಕ್ಷೌರದ ಒಡೆಲ್. ಗುಂಗುರನ್ನು ನೇರ ಮಾಡುವ ಖಾರವಾದ ಮದ್ದಿನ ಡಬ್ಬಿ ತೆರೆಯುವ ಮೊದಲು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದ, ತಲೆ ಕೆರಕೊಂಡಿದ್ದೀಯೇನೋ ಎಂದು. ಹೌದು ಎಂದರೆ ಮನೆಗೆ ಕಳಿಸುತ್ತಿದ್ದ. ಉಗುರು ತಾಗಿದ ಕಡೆ ಆ ಮದ್ದು ಒಳಗಿಳಿದು ಸುಡುತ್ತದೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ನಿನಗೂ ಗೊತ್ತು. ಒಡೆಲ್ ಹೋದ ಮೇಲೆ ಮದ್ದನ್ನು ನಾನೇ ಹಚ್ಚಿಕೊಳ್ಳತೊಡಗಿದೆ. ಹಚ್ಚುವ ಕೆಲಸ ಒಡೆಲ್‌ಗಿಂತ ನಾನೇ ಚೆನ್ನಾಗಿ ಮಾಡುತ್ತೇನೆ, ಅದರಲ್ಲಿ ಅನುಮಾನ ಬೇಡ. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಈಸ್ಟರ್ ಹಿಂದಿನ ಶನಿವಾರ ತೋಟದಲ್ಲಿ ಸೊಳ್ಳೆ ಕಚ್ಚಿ ಕತ್ತಿನ ಹಿಂದೆ ಪರಪರನೆ ಕೆರೆದುಕೊಂಡಿದ್ದೆ. ಅದನ್ನು ಮರೆತು ಮದ್ದು ಹಚ್ಚಿದೆ. ಉರಿ ಹತ್ತಿತು. ಗಂಡಸಲ್ಲವೇ, ಹಾಡು ಹೇಳಿಕೊಂಡು ಕೂತೆ. ತೊಳೆಯುವ ಹೊತ್ತಿಗೆ ಬೆರಳಿಗೆ ಚರ್ಮವೇ ಬಂತು.

ಅದು ಇನ್ನೂ ಆರಿಲ್ಲ.

ಗಾಯದ ಮೇಲೆ ಮದ್ದು ಹಚ್ಚುವುದು ಹೇಗೆ? ಬಿಟ್ಟೆ. ಬಿಟ್ಟ ಮೇಲೆ ಕೂದಲು ತನ್ನ ಪಾಡಿಗೆ ಬೆಳೆಯಿತು. ಈಗ ನನ್ನ ತಲೆಯಲ್ಲಿ ಇಬ್ಬರು ಗಂಡಸರು ಬಾಡಿಗೆಗಿದ್ದಾರೆ. ತುದಿಯಲ್ಲಿ ನೀವೆಲ್ಲ ಬಲ್ಲ ಸೀಫಸ್, ಬುಡದಲ್ಲಿ ನಾನೇ ಕಾಣದ ಯಾವನೋ ಒಬ್ಬ ಗುಂಗುರಿನವನು. ಇಬ್ಬರಿಗೂ ಆಗಿಬರುವುದಿಲ್ಲ. ಹಳೆಯದೂ ಹೊಸದೂ ಸೇರುವ ಜಾಗದಲ್ಲೇ ಕೂದಲು ಮುರಿಯುತ್ತದೆ ಎಂದು ನೀನು ಅವತ್ತು ನಿನ್ನ ಅಮ್ಮನಿಗೆ ಹೇಳುತ್ತಿದ್ದುದನ್ನು ಸಿಹಿಗೆಣಸಿನ ಪೈ ತಿನ್ನುತ್ತಾ ಕೇಳಿಸಿಕೊಂಡಿದ್ದೆ. ಈಗ ಬಾಚಣಿಗೆ ತಾಗಿಸಿದರೆ ಸಾಕು, ಬಚ್ಚಲ ತುಂಬ ಎಳೆಗಳು. ಮುಖ ತೊಳೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಹಾಗಾಗಿ ಹ್ಯಾಟ್. ಚರ್ಚಿನೊಳಗೆ ಗಂಡಸು ಹ್ಯಾಟ್ ಹಾಕುವಂತಿಲ್ಲ, ಅದಕ್ಕೆ ನಾನು ಹೊರಗೆ ನಿಂತು ಕಾರು ನಿಲ್ಲಿಸುವ ಸೇವೆ ಕೇಳಿ ಪಡೆದೆ. ಸೀಫಸ್‌ಗೆ ಈ ವಯಸ್ಸಿನಲ್ಲಿ ದೇವರು ವಿನಯ ಕೊಟ್ಟ ಎಂದು ಊರೆಲ್ಲ ಹೊಗಳುತ್ತಿದೆ. ಒಳಗಿನಿಂದ ನನ್ನ ಸಾಲುಗಳನ್ನು ಬೇರೆಯವನು ಹಾಡುವುದು ಕೇಳಿಸುತ್ತದೆ. ಶ್ರುತಿ ತಪ್ಪುತ್ತಾನೆ.

ಇನ್ನು ಡಾಕ್ಟರ ಕಥೆ. ಇಲ್ಲಿ ನಿನ್ನ ಮಾವನ ಜಾಣತನ ಗಮನಿಸು. ಬೇಸಿಗೆಯಲ್ಲಿ ಕ್ಲಿನಿಕ್ಕಿಗೆ ಫೋನ್ ಮಾಡಿ, ನನ್ನ ಅಡುಗೆಮನೆಯಲ್ಲಿ ಸುಟ್ಟಿದೆ, ಆರುತ್ತಿಲ್ಲ ಎಂದೆ. ನಿಜವನ್ನೇ ಹೇಳಿದ್ದು. ಕತ್ತಿನ ಹಿಂದಿನ ಆ ಮೊಂಡು ಗುಂಗುರಿಗೆ ನಾವು ಕಪ್ಪು ಜನ ಅಡುಗೆಮನೆ ಎನ್ನದೆ ಇನ್ನೇನನ್ನುತ್ತೇವೆ? ನಿನ್ನ ಅಜ್ಜಿ ಒಲೆಯ ಪಕ್ಕ ಕೂರಿಸಿ ಕಾದ ಬಾಚಣಿಗೆ ಎಳೆಯುತ್ತಿದ್ದಳಲ್ಲ, ಹೆಸರು ಅಲ್ಲಿಂದ ಬಂತು ಎನ್ನುತ್ತಿದ್ದಳು. ಆದರೆ ಫೋನೆತ್ತಿದವಳು ಬಿಳಿಯ ಹುಡುಗಿ, ಒಳ್ಳೆಯ ಹುಡುಗಿ. ಗಾಬರಿಯಿಂದ, ಒಲೆ ಆರಿಸಿದ್ದೀರಾ, ಗ್ಯಾಸಾ ಕರೆಂಟಾ ಎಂದು ಕೇಳಿದಳು. ಒಲೆಯಿರುವ ಅಡುಗೆಮನೆ ಎಂದೇ ತಿಳಿದಿದ್ದಳು. ಗ್ಯಾಸು ಎಂದೆ. ಎಣ್ಣೆ ಸಿಡಿಯಿತೇ ಎಂದಳು. ಮೀನು ಕರಿಯುತ್ತಿದ್ದೆ ಎಂದೆ. ಸುಟ್ಟ ಗಾಯದ ಮುಲಾಮು ಮನೆಗೇ ಬಂತು. ಯಾರೂ ನೋಡಲಿಲ್ಲ, ಯಾರೂ ಮುಟ್ಟಲಿಲ್ಲ. ಮತ್ತೊಮ್ಮೆ ಅವಳೇ ಫೋನ್ ಮಾಡಿ ಅಡುಗೆಮನೆ ಹೇಗಿದೆ ಎಂದು ವಿಚಾರಿಸಿದಳು. ಇನ್ನೂ ಸ್ವಲ್ಪ ಒದ್ದೆ ಎಂದೆ. ನೆಲ ಜಾರುತ್ತೆ, ಜೋಪಾನ ಎಂದಳು ಪಾಪ.

ಆಗ ಬಹಳ ನಕ್ಕಿದ್ದೆ. ಆ ಮುಲಾಮು ಹಚ್ಚುತ್ತಾ ಹಚ್ಚುತ್ತಾ ಬೇಸಿಗೆ ಕಳೆಯಿತು. ಈಗ ಬೆರಳಿಟ್ಟರೆ ಗಾಯದ ಅಂಚು ಗಟ್ಟಿಯಾಗಿ ಎದ್ದುನಿಂತಿದೆ, ಕಾರ್ನ್‌ಬ್ರೆಡ್ಡಿನ ಸೀದ ಅಂಚಿನ ಹಾಗೆ. ನಡುವೆ ಮೆತ್ತಗೆ. ದಿಂಬಿಗೆ ಕಲೆಯಾಗುತ್ತದೆ. ವರ್ನೀಸ್ ಹಾಸಿಗೆ ಬಟ್ಟೆ ಒಗೆಯಲು ಕೇಳಿದರೆ, ನನ್ನ ಬಟ್ಟೆ ನಾನೇ ಒಗೆಯುತ್ತೇನೆ ಎನ್ನುತ್ತೇನೆ. ಅವಳಿಗೆ ನಾನು ಮತ್ತೆ ಮದುವೆಯಾಗುವ ಯೋಚನೆಯಲ್ಲಿದ್ದೇನೆ ಎಂಬ ಅನುಮಾನ ಬಂದಿದೆ.

ಹೋದ ವಾರ ರಕ್ತದೊತ್ತಡ ತೋರಿಸಲು ಹೋದರೆ ಅಲ್ಲಿ ಹೊಸ ಡಾಕ್ಟರು, ಮೊಬೀಲ್ ಪಟ್ಟಣದ ಕಡೆಯ ನಮ್ಮ ಹೆಣ್ಣುಮಗಳು. ಮೀನು ಕರಿಯುವಾಗ ಸುಟ್ಟುಕೊಂಡಿರಂತೆ, ಕೈ ತೋರಿಸಿ ಎಂದರು. ತೋರಿಸಿದೆ. ನನ್ನ ಅಂಗೈಗಳು ನಿನಗೆ ಗೊತ್ತಲ್ಲ, ಕಲೆಯಿಲ್ಲ. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಹ್ಯಾಟಿನ ಕಡೆ ನೋಡಿದರು. ಕಾಲರಿನ ಮೇಲೆ ಇಳಿದ ಕೂದಲ ಕಡೆ ನೋಡಿದರು. ತಮ್ಮ ಕೈಯನ್ನು ನಿಧಾನವಾಗಿ ತಮ್ಮದೇ ಕತ್ತಿನ ಹಿಂದೆ ಇಟ್ಟುಕೊಂಡು,

"ಯಾವ ಅಡುಗೆಮನೆ, ಸೀಫಸ್ ತಾತ?" ಎಂದರು.

ನಾನು ಸುಳ್ಳು ಹೇಳಬಲ್ಲೆ, ಬೇಕಾದಷ್ಟು. ಆದರೆ ನಮ್ಮವರ ಮುಂದೆ ಆ ಮಾತಿಗೆ ಸುಳ್ಳಿಲ್ಲ. ಹಿಂದಿನದು ಎಂದೆ.

ಅವರು ನನ್ನ ಹ್ಯಾಟಿಗೆ ಕೈ ಚಾಚಿದರು. ನಾನು ಎದ್ದೆ. ಚರ್ಚಿನ ವ್ಯಾನ್ ಆನ್ ಮಾಡಿ ಬಿಟ್ಟು ಬಂದಿದ್ದೇನೆ ಎಂದು ಹೇಳಿ ಹೊರಗೆ ನಡೆದೆ. ನಡೆದೆ ಎಂದು ಬರೆದಿದ್ದೇನೆ. ನೀನು ನೋಡಿದ್ದರೆ ಬೇರೆ ಮಾತು ಬಳಸುತ್ತಿದ್ದೆ.

ಸಂಜೆ ಅವರೇ ಫೋನ್ ಮಾಡಿದರು. ಬೈಯಲಿಲ್ಲ. ಇಷ್ಟು ದಿನ ಆರದ ಗಾಯವನ್ನು ಸುಮ್ಮನೆ ಬಿಡುವ ಹಾಗಿಲ್ಲ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಕೂದಲು ಹೋಗಲೇಬೇಕು ಎಂದರು. ಏನಿರಬಹುದು ಎಂದು ಕೇಳಿದೆ. ನೋಡದೆ ಹೇಳುವುದಿಲ್ಲ ಎಂದರು. ಕೊನೆಗೆ, "ಗುರುವಾರ ನೀವು ಬರದಿದ್ರೆ ನಿಮ್ಮ ತಂಗಿಗೆ ಫೋನ್ ಮಾಡ್ತೀನಿ ತಾತ, ಆಮೇಲೆ ನನ್ನ ಬೈಕೋಬೇಡಿ" ಎಂದರು. ಡಾಕ್ಟರಿಗೆ ವರ್ನೀಸ್ ಗೊತ್ತಿಲ್ಲ, ಆದರೂ ಸರಿಯಾದ ಜಾಗಕ್ಕೇ ಗುರಿಯಿಟ್ಟರು.

ನಿನ್ನ ಮಾವ ಯಾವುದಕ್ಕೂ ಹೆದರುವವನಲ್ಲ. ಹೊಳೆಯಲ್ಲಿ ಬರಿಗೈ ಹಾಕಿ ಮೀನು ಹಿಡಿದವನು, ಹಾವು ಇದೆಯೆಂದು ಗೊತ್ತಿದ್ದೂ. ಹಾಗಿದ್ದ ಮೇಲೆ ಆ ಹೆಣ್ಣುಮಗಳ ಕೈಗೆ ಯಾಕೆ ಎದ್ದು ಓಡಿದೆ ಎಂದು ವ್ಯಾನಿನಲ್ಲಿ ಕೂತು ಯೋಚಿಸಿದೆ. ನಿನಗೆ ಹೇಳುತ್ತೇನೆ, ನಿನ್ನ ಅಮ್ಮನಿಗೆ ಇದು ಗೊತ್ತಿಲ್ಲ, ಅವಳು ಆಗ ತೊಟ್ಟಿಲ ಕೂಸು.

ನಮ್ಮಪ್ಪ ಹತ್ತಿ ಗಿರಣಿಗೆ ಗಾಡಿ ಹೊಡೆದುಕೊಂಡು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದ. ಅಲ್ಲಿ ಜಗಲಿಯ ಮೇಲೆ ಬಿಳಿಯ ಗಂಡಸರು ಇಸ್ಪೀಟು ಆಡುತ್ತಾ ಕೂತಿರುತ್ತಿದ್ದರು. ಅಪ್ಪನ ಹ್ಯಾಟನ್ನು ಕಡ್ಡಿಯಿಂದ ಎತ್ತಿ ಕೆಳಗೆ ಹಾಕಿ, ಬಾರೋ ಇಲ್ಲಿ, ಅದೃಷ್ಟ ಕೊಡು ಎಂದು ಅವನ ತಲೆಯನ್ನು ಕೈಯಿಂದ ಉಜ್ಜುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು. ನಮ್ಮ ಗುಂಗುರು ಉಜ್ಜಿದರೆ ಎಲೆ ಚೆನ್ನಾಗಿ ಬೀಳುತ್ತದೆಂದು ಅವರ ನಂಬಿಕೆ. ಅಪ್ಪ ಬಗ್ಗಿ ನಿಂತು ನಗುತ್ತಿದ್ದ. ನಾನು ಅವನ ಕಾಲುಗಳ ಹಿಂದೆ ನಿಂತಿದ್ದೆ. ಅವನು ಒಂದು ಕೈ ಹಿಂದಕ್ಕೆ ಚಾಚಿ ನನ್ನನ್ನು ಅಲ್ಲೇ ಒತ್ತಿ ಹಿಡಿದಿರುತ್ತಿದ್ದ. ಒಬ್ಬ ನನ್ನ ಕಡೆಯೂ ಕೈ ಚಾಚಿದ. ಅಪ್ಪ ನಗುತ್ತಲೇ ನಡುವೆ ಬಂದು ಮತ್ತೊಮ್ಮೆ ತನ್ನ ತಲೆಯನ್ನೇ ಕೊಟ್ಟ.

ದುಡಿಯುವ ವಯಸ್ಸು ಬಂದ ಕೂಡಲೇ ಒಡೆಲ್‌ನ ಕುರ್ಚಿಯಲ್ಲಿ ಹೋಗಿ ಕೂತೆ. ಸುಡಲಿ ಎಂದೆ. ಜಿಡ್ಡು ಹಚ್ಚಿದ ನೇರ ಕೂದಲನ್ನು ಅದೃಷ್ಟಕ್ಕೆಂದು ಯಾರೂ ಉಜ್ಜುವುದಿಲ್ಲ, ಕೈ ಕೊಳೆಯಾಗುತ್ತದೆ. ಚಂದಕ್ಕೆ ಎಂದು ಊರೆಲ್ಲ ತಿಳಿದಿದೆ. ಚಂದವೂ ಹೌದು, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಈಗ ಬುಡದಲ್ಲಿ ಬೆರಳಾಡಿಸಿದರೆ ಸಿಗುವುದು ನಮ್ಮಪ್ಪನ ತಲೆ ಕಣಮ್ಮ. ಅದೇ ತಲೆ. ಅದನ್ನು ಹೊತ್ತುಕೊಂಡು ಒಂದು ಕೋಣೆಗೆ ಹೋಗಿ, ಬಗ್ಗಿ ಕೂತು, ಇನ್ನೊಬ್ಬರ ಕೈಗೆ ಕೊಡಬೇಕು. ಕೈ ನಮ್ಮವರದೇ, ಮದ್ದು ಕೊಡುವ ಕೈ, ಬುದ್ಧಿಗೆ ಗೊತ್ತು. ಕಾಲಿಗೆ ಗೊತ್ತಿಲ್ಲ. ಆ ಕೈ ಅಲ್ಲಿ ಏನನ್ನು ಕಂಡು ನಿಂತುಬಿಡುತ್ತದೋ ಎಂಬುದು ಬೇರೆ. ಈ ಎರಡರಲ್ಲಿ ಯಾವ ಭಯ ದೊಡ್ಡದೆಂದು ಬೇರ್ಪಡಿಸಲು ನೋಡಿದೆ, ಆಗಲಿಲ್ಲ.

ನೀನು ಮೊದಲು ಕತ್ತರಿಸಿದರೆ ಆದೀತು ಎನಿಸುತ್ತದೆ. ನೀನು ನಗಿಸುತ್ತಾ ಕತ್ತರಿಸುತ್ತೀಯೆ, ನಾನು ಬೈಯುತ್ತಾ ಕೂರುತ್ತೇನೆ. ಒಂದು ಸಲ ಕೂತು ರೂಢಿಯಾದರೆ ಗುರುವಾರವೂ ಕೂರಬಹುದು. ನಿನ್ನ ಅಮ್ಮನಿಗೆ ತಿಳಿಯುವುದು ಬೇಡ. ನಿನ್ನ ಅಪ್ಪನ ಆಸ್ಪತ್ರೆ ದಿನಗಳಾದ ಮೇಲೆ ಅವಳು ಡಾಕ್ಟರೆಂಬ ಮಾತು ಕೇಳಿದರೆ ಬಾಗಿಲು ಹಿಡಿದುಕೊಳ್ಳುತ್ತಾಳೆ. ಮಾವ ಕೈಯಾರೆ ಹಿಡಿದ ಮೀನು ತಿನ್ನಲು ಕರೆದಿದ್ದಾನೆ ಎಂದು ಹೇಳಿ ಬಾ.

ಬೆತೆಲ್ ಕ್ರಾಸಿಂಗಿನಲ್ಲಿ ಈಗಲೂ ಅತಿ ಚಂದದ ಗಂಡಸು, ಹ್ಯಾಟಿನೊಳಗೆ,

ನಿನ್ನ ಮಾವ
ಸೀಫಸ್

ಮರೆತಿದ್ದು: ಸೋಮವಾರ ಬೆಳಗ್ಗೆ. ಕಾಗದ ಮಡಿಸುವ ಮೊದಲು, ನಿನಗೆ ಕೆಲಸ ಹಗುರ ಮಾಡೋಣವೆಂದು ನಾನೇ ಹೊಲಿಗೆಯ ಕತ್ತರಿ ಹಿಡಿದೆ. ಮುಂದಿನದೆಲ್ಲ ಬಂತು, ಹಿಂದಕ್ಕೆ ಕೈ ಎಟುಕಲಿಲ್ಲ. ಅಷ್ಟರಲ್ಲಿ ವರ್ನೀಸ್ ಬಿಸ್ಕತ್ತಿನ ತಟ್ಟೆ ಹಿಡಿದು ಹಿಂಬಾಗಿಲಿನಿಂದ ಬಂದಳು. ಕೂಗಾಡುತ್ತಾಳೆ ಎಂದು ಕಾದೆ. ತಟ್ಟೆ ಕೆಳಗಿಟ್ಟು ಕತ್ತರಿ ಇಸಿದುಕೊಂಡಳು. ಬಗ್ಗು ಎಂದಳು, ಬಗ್ಗಿದೆ. ಕತ್ತರಿಸುತ್ತಾ ಇದ್ದಳು, ಆಮೇಲೆ ಕತ್ತರಿಯ ಸದ್ದು ನಿಂತಿತು. ಹೇಗಿದೆಯೇ ಅದು ಎಂದು ಕೇಳಿದೆ. ನನ್ನ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತಳು, ಬಹಳ ಹೊತ್ತು. ನಾನು ಏಳಲಿಲ್ಲ. ಈಗ ಅವಳು ಪಕ್ಕದ ಕೋಣೆಯಲ್ಲಿ ಫೋನ್ ಹಿಡಿದಿದ್ದಾಳೆ. ನಿನಗೇ ಮಾಡಿದ್ದು. ನಿನ್ನ ಹೆಸರು ಹೇಳುತ್ತಿದ್ದಾಳೆ, ಮತ್ತೆ ಮತ್ತೆ ನಿನ್ನ ಹೆಸರನ್ನೇ.