ಬ್ಯಾರನ್ ಹತ್ತುವವರ ಕೂಲಿ

ಚಿಕ್ಕಪ್ಪಾ,

ಜಾವಾದಲ್ಲಿ ತಂಬಾಕು ಕೂಲಿ ಹೆಂಗಸರ ಸಮಾವೇಶ ಮುಗಿಯಿತು. ನಿನ್ನೆ ನಾನು, ಗೆಳತಿ ಚಿಕ್ಕಬೀರಮ್ಮ ಇಲ್ಲಿನ ಬ್ರೋಮೋ ಎಂಬ ಬೆಂಕಿಬೆಟ್ಟ ಹತ್ತಿದೆವು. ಕುದುರೆ ಮೇಲೆ ಬನ್ನಿ ಎಂದು ಒಬ್ಬ ಅರ್ಧ ದಾರಿ ಬೆನ್ನುಹತ್ತಿದ. ‘ನಮ್ ತಂಬಾಕ್ ಬ್ಯಾರನ್ ವೊಗೆ ಕುಡ್ದೋರ್ಗೆ ಇದ್ಯಾವ್ ಲೆಕ್ಕ, ನಡಿಯೇ’ ಎಂದಳು ಬೀರಮ್ಮ. ತುದಿಯ ಅಂಚಿನಲ್ಲಿ ನಿಂತು, ಗಂಧಕದ ಹೊಗೆ ಉಗುಳುವ ಬಾಯೊಳಕ್ಕೇ ಬಗ್ಗಿ ನೋಡಿದೆವು. ಇಬ್ಬರಿಗೂ ತಲೆ ತಿರುಗಲಿಲ್ಲ.

ಸೊಪ್ಪು ಒಣಗಿಸುವ ನಿಮ್ಮ ಬ್ಯಾರನ್ನಿನಲ್ಲಿ ಮೇಲೆ ಹತ್ತಿ ಸೊಪ್ಪು ಕಟ್ಟಿದ ಕಡ್ಡಿ ಏರಿಸುವಾಗ ಹೆಂಗಸರಿಗೆ ತಲೆ ತಿರುಗುತ್ತದೆ ಎನ್ನುತ್ತೀರಿ, ಅದೇ ನೆಪದಲ್ಲಿ ನಮಗೆ ಅರ್ಧ ಕೂಲಿ ಕೊಡುತ್ತೀರಿ. ಈ ಸಲ ಹತ್ತುವವರು ನಾವೇ. ಗಂಡಸರ ಕೂಲಿಯೇ ಬೇಕು.

ಕಾಲಲ್ಲಿ ಬೊಬ್ಬೆ ಎದ್ದಿರುವುದು ಬಿಟ್ಟರೆ ಇಬ್ಬರೂ ಗಟ್ಟಿಯಾಗಿದ್ದೇವೆ. ಸೋಮವಾರ ಹುಣಸೂರಿಗೆ ಬರುತ್ತೇವೆ. ಒಪ್ಪದಿದ್ದರೆ ಸೊಪ್ಪು ಹೊಲದಲ್ಲೇ ಹಣ್ಣಾಗಿ ಉದುರಲಿ.

ಸಾಕಮ್ಮ